ದೂರಕ್ಕಲ್ಲ, ದಾರಿಗೆ ದುಡ್ಡು

ಇಂಗ್ಲೆಂಡಿನ ಅಂಗಡಿಯೊಂದರಲ್ಲಿ ಹನ್ನೆರಡು ಪೌಂಡಿಗೆ ಹಳೆಯ ಪುಸ್ತಕವೊಂದು ಸಿಕ್ಕಿತು ಅನ್ನಿ. ಆನ್‌ಲೈನ್‌ನಲ್ಲೇ ಕೊಳ್ಳೋಣವೆಂದು ಮೈಸೂರಿನ ವಿಳಾಸ ತುಂಬಿ ಮುಂದಿನ ಪುಟಕ್ಕೆ ಹೋದರೆ ಸಾಗಣೆ ವೆಚ್ಚವೇ ಇಪ್ಪತ್ತೆಂಟು ಪೌಂಡು! ಹೆಚ್ಚಿನವರು ಅಲ್ಲಿಗೇ ಕೈಬಿಡುತ್ತಾರೆ. ಅಷ್ಟು ದೂರದಿಂದ ಬರಬೇಕಲ್ಲ, ಅಷ್ಟಾದರೂ ಆಗುತ್ತದೆ ಎಂದುಕೊಂಡು ಸುಮ್ಮನಾಗುತ್ತಾರೆ.

ಅದೇ ಪುಸ್ತಕ ಅದೇ ಅಂಗಡಿಯಿಂದ, ಬಹುಶಃ ಅದೇ ವಿಮಾನದಲ್ಲಿ, ಅದರ ಅರ್ಧ ಖರ್ಚಿನಲ್ಲಿ ಬರುವ ಸಾಧ್ಯತೆ ಎಷ್ಟೋ ಸಲ ಇರುತ್ತದೆ. ಲಂಡನ್ನಿಗೂ ಮೈಸೂರಿಗೂ ನಡುವಿನ ದೂರ ಎಲ್ಲರಿಗೂ ಒಂದೇ. ಪಾರ್ಸೆಲ್ಲು ಯಾರ ಕೈಯಲ್ಲಿ ಬರುತ್ತದೆ, ಯಾವ ಒಪ್ಪಂದದಡಿ ಬರುತ್ತದೆ, ಎಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಬರುತ್ತದೆ ಎಂಬುದರ ಮೇಲೆ ದರ ನಿಲ್ಲುತ್ತದೆ. ಈ ಮೂರೂ ತೀರ್ಮಾನವಾಗುವುದು ನಾವು ಹಣ ಕಟ್ಟುವುದಕ್ಕೆ ಮುಂಚೆ. ಆಮೇಲೆ ಗೊಣಗಿ ಪ್ರಯೋಜನವಿಲ್ಲ. ಹಾಗಾಗಿ ದಾರಿಗಳ ಪರಿಚಯ ಮೊದಲು ಆಗಬೇಕು.

ಹೊರದೇಶದಿಂದ ನಮ್ಮ ಮನೆಗೆ ಬರುವ ವಸ್ತುವಿಗೆ ಮುಖ್ಯವಾಗಿ ಎರಡು ದಾರಿ. ಒಂದು ಅಂಚೆ, ಇನ್ನೊಂದು ಖಾಸಗಿ ಕೊರಿಯರ್. ಡಿಎಚ್‌ಎಲ್, ಫೆಡ್‌ಎಕ್ಸ್, ಯುಪಿಎಸ್ ತರಹದ ಕೊರಿಯರ್ ಕಂಪನಿಗಳಿಗೆ ಸ್ವಂತ ವಿಮಾನ, ಸ್ವಂತ ಗೋದಾಮು, ಕಸ್ಟಮ್ಸ್ ಕೆಲಸಕ್ಕೆ ಸ್ವಂತ ಸಿಬ್ಬಂದಿ ಇದ್ದಾರೆ. ಕೆಲವೇ ದಿನಗಳಲ್ಲಿ ಮನೆ ಬಾಗಿಲಿಗೆ ತಲುಪಿಸುತ್ತಾರೆ, ಅದಕ್ಕೆ ತಕ್ಕ ಬೆಲೆ ಕೇಳುತ್ತಾರೆ. ಅಂಚೆಯ ಲೆಕ್ಕವೇ ಬೇರೆ. 1874ರಲ್ಲಿ ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ ಆದ ಒಪ್ಪಂದದಿಂದ ಹುಟ್ಟಿದ ವಿಶ್ವ ಅಂಚೆ ಒಕ್ಕೂಟದಲ್ಲಿ ಭಾರತ 1876ರಿಂದಲೂ ಸದಸ್ಯ. ಒಂದು ದೇಶದ ಅಂಚೆ ಇಲಾಖೆ ತೆಗೆದುಕೊಂಡ ಲಕೋಟೆಯನ್ನು ಇನ್ನೊಂದು ದೇಶದ ಅಂಚೆ ಇಲಾಖೆ ತನ್ನ ಪೋಸ್ಟ್‌ಮನ್ ಕೈಯಲ್ಲಿ ಹಂಚಬೇಕು, ಅದಕ್ಕೆ ಮೊದಲಿನ ದೇಶ ಇಂತಿಷ್ಟು ಕೂಲಿ ಕೊಡಬೇಕು ಎನ್ನುವುದು ಅಲ್ಲಿನ ಕಟ್ಟಳೆ. ಅಂಚೆಯವರು ಇದನ್ನು ‘ಟರ್ಮಿನಲ್ ಡ್ಯೂಸ್’ ಎನ್ನುತ್ತಾರೆ.

ಈ ಕೂಲಿಯ ದರ ಬಹುಕಾಲ ಬಡ ದೇಶಗಳಿಗೆ ಕಡಿಮೆ, ಶ್ರೀಮಂತ ದೇಶಗಳಿಗೆ ಹೆಚ್ಚು ಇತ್ತು. ಚೀನಾ ದೊಡ್ಡ ವ್ಯಾಪಾರಿ ದೇಶವಾಗಿ ಬೆಳೆದ ಮೇಲೂ ಕಡಿಮೆ ದರದ ಸಾಲಿನಲ್ಲೇ ಉಳಿಯಿತು. ಹಾಗಾಗಿ ಚೀನಾದಿಂದ ಅಮೆರಿಕಕ್ಕೆ ಒಂದು ಸಣ್ಣ ಪೊಟ್ಟಣ ಕಳಿಸುವುದು ಅಮೆರಿಕದ ಒಂದು ಊರಿಂದ ಇನ್ನೊಂದು ಊರಿಗೆ ಕಳಿಸುವುದಕ್ಕಿಂತ ಅಗ್ಗವಾಗಿತ್ತು. ಇದರಿಂದ ಸಿಟ್ಟಾದ ಅಮೆರಿಕ ಒಕ್ಕೂಟವನ್ನೇ ಬಿಟ್ಟು ಹೋಗುವುದಾಗಿ ಹೇಳಿತು. 2019ರ ಸೆಪ್ಟೆಂಬರ್‌ನಲ್ಲಿ ಜಿನೀವಾದಲ್ಲಿ ವಿಶೇಷ ಅಧಿವೇಶನ ಕರೆದು, ಸದಸ್ಯ ದೇಶಗಳು ತಮ್ಮ ಕೂಲಿಯನ್ನು ಹಂತಹಂತವಾಗಿ ತಾವೇ ನಿಗದಿ ಮಾಡಿಕೊಳ್ಳಲು ದಾರಿ ಮಾಡಿಕೊಟ್ಟ ಮೇಲೆ ವಿವಾದ ತಣ್ಣಗಾಯಿತು. ಸಾವಿರಾರು ಕಿಲೋಮೀಟರ್ ದೂರದ ಪೊಟ್ಟಣ ಪಕ್ಕದೂರಿನ ಪೊಟ್ಟಣಕ್ಕಿಂತ ಅಗ್ಗವಾಗಲು ಒಂದು ಒಪ್ಪಂದ ಸಾಕಾಯಿತು, ಅದು ದುಬಾರಿಯಾಗಲೂ ಒಂದು ಒಪ್ಪಂದವೇ ಸಾಕಾಯಿತು.

ನಮಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ಎರಡು ಕಿಲೋಗ್ರಾಂ ಒಳಗಿನ ವಸ್ತುವಿಗೆ ಅಂಚೆಯ ‘ಸಣ್ಣ ಪ್ಯಾಕೆಟ್’ ದಾರಿ ಬಹುತೇಕ ಯಾವಾಗಲೂ ಅಗ್ಗ. ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿಸಿದರೆ 90 ಸೆಂಟಿಮೀಟರ್ ಮೀರಬಾರದು, ಯಾವುದೇ ಬದಿ 60 ಸೆಂಟಿಮೀಟರ್ ದಾಟಬಾರದು. ಒಂದು ಕ್ಯಾಮೆರಾ ಲೆನ್ಸ್, ಒಂದು ಜೊತೆ ಕನ್ನಡಕದ ಫ್ರೇಮ್, ಹೊಲಿಗೆ ಯಂತ್ರದ ಬಿಡಿಭಾಗ, ಎರಡು ಮೂರು ಪುಸ್ತಕ, ಇವೆಲ್ಲ ಈ ಮಿತಿಯೊಳಗೆ ಆರಾಮವಾಗಿ ಕೂರುತ್ತವೆ. ಹಾಗಿದ್ದೂ ಎಷ್ಟೋ ಅಂಗಡಿಗಳ ಜಾಲತಾಣದಲ್ಲಿ ಕೊರಿಯರ್ ದರವೊಂದೇ ಕಾಣಿಸುತ್ತದೆ. ಅವರಿಗೆ ಅದೇ ಸಲೀಸು, ಸರಕು ಕಳೆದುಹೋದ ದೂರುಗಳೂ ಕಡಿಮೆ. ದೊಡ್ಡ ಕಂಪನಿಯಾದರೆ ಬದಲಾಯಿಸಲಾರರು. ಚಿಕ್ಕ ಅಂಗಡಿಗೆ, ಒಬ್ಬರೇ ನಡೆಸುವ ಪುಸ್ತಕದಂಗಡಿಗೆ, ಕರಕುಶಲಿಗಳಿಗೆ ಒಂದು ಇಮೇಲ್ ಬರೆದು, ‘ಅಂಚೆಯಲ್ಲಿ ಟ್ರ್ಯಾಕಿಂಗ್ ಸಹಿತ ಕಳಿಸಿದರೆ ಎಷ್ಟಾಗುತ್ತದೆ?’ ಎಂದು ಕೇಳಿ ನೋಡಿ. ಬೆಲೆ ಇಳಿಸಲು ಇಷ್ಟು ಸುಲಭದ ಉಪಾಯ ಬೇರೊಂದು ನನಗೆ ಗೊತ್ತಿಲ್ಲ.

ಅಂಚೆ ಎಂದರೆ ಕಳೆದುಹೋಗುತ್ತದೆ ಎಂಬ ಭಯ ನಮ್ಮಲ್ಲಿ ಬಲವಾಗಿದೆ. ಟ್ರ್ಯಾಕಿಂಗ್ ಇಲ್ಲದ ಸಾಧಾರಣ ಪ್ಯಾಕೆಟ್ಟಿನ ವಿಷಯದಲ್ಲಿ ಆ ಭಯಕ್ಕೆ ಅರ್ಥವಿದೆ, ಕೆಲವು ರೂಪಾಯಿ ಉಳಿಸಲು ಹೋಗಿ ಅದನ್ನು ಆರಿಸಬೇಡಿ. ಆದರೆ ಟ್ರ್ಯಾಕಿಂಗ್ ಇರುವ ಅಂಚೆಗೆ ಜಗತ್ತಿನಾದ್ಯಂತ ಒಂದೇ ಮಾದರಿಯ ಹದಿಮೂರು ಅಂಕಿ-ಅಕ್ಷರಗಳ ಸಂಖ್ಯೆ ಇರುತ್ತದೆ: ಮೊದಲು ಎರಡು ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ಕಳಿಸಿದ ದೇಶದ ಎರಡಕ್ಷರದ ಗುರುತು. ಬ್ರಿಟನ್ನಿನದಾದರೆ ‘ಜಿಬಿ’, ಜಪಾನಿನದಾದರೆ ‘ಜೆಪಿ’. ಈ ಸಂಖ್ಯೆಯನ್ನು ನಮ್ಮ ಅಂಚೆ ಇಲಾಖೆಯ ಜಾಲತಾಣದಲ್ಲೇ ಹಾಕಿ, ಪೊಟ್ಟಣ ಮುಂಬೈಗೆ ಬಂತೋ ಬೆಂಗಳೂರಿಗೆ ಬಂತೋ, ಕಸ್ಟಮ್ಸ್ ಮುಗಿಯಿತೋ ಇಲ್ಲವೋ ನೋಡಬಹುದು. ಸುಂಕವಿದ್ದರೆ ಪೋಸ್ಟ್‌ಮನ್ ಅಣ್ಣನೇ ಪೊಟ್ಟಣ ಕೊಡುವಾಗ ವಸೂಲಿ ಮಾಡುತ್ತಾನೆ. ಚಿಕ್ಕ ಹಳ್ಳಿಗೂ ತಲುಪುವ ವ್ಯವಸ್ಥೆ ಇದು. ಕೊರಿಯರ್‌ನವರು ಎಷ್ಟೋ ತಾಲ್ಲೂಕು ಕೇಂದ್ರಗಳ ಆಚೆಗೆ ‘ದೂರದ ಪ್ರದೇಶ’ ಎಂದು ಹೆಚ್ಚುವರಿ ಶುಲ್ಕ ಹಾಕುವುದನ್ನು ನೆನೆದರೆ, ನಮ್ಮ ಅಂಚೆಯ ಬಗ್ಗೆ ಇನ್ನಷ್ಟು ಗೌರವ ಬರಬೇಕು.

ಇನ್ನು ಪೆಟ್ಟಿಗೆಯ ವಿಷಯ. ಅತಿ ಹೆಚ್ಚು ಹಣ ಪೋಲಾಗುವುದು ಇಲ್ಲಿ, ಅತಿ ಕಡಿಮೆ ಮಂದಿಗೆ ಗೊತ್ತಿರುವುದೂ ಇದೇ. ಕೊರಿಯರ್ ಕಂಪನಿಗಳು ತೂಕಕ್ಕೆ ದರ ಹಾಕುತ್ತವೆ ಎಂದು ನಾವು ತಿಳಿದಿರುತ್ತೇವೆ. ವಾಸ್ತವವಾಗಿ ಅವು ಎರಡು ತೂಕ ನೋಡುತ್ತವೆ. ಒಂದು ತಕ್ಕಡಿಯ ತೂಕ. ಇನ್ನೊಂದು ಜಾಗದ ತೂಕ: ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವ ಕಿಲೋ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ಒಂದು ಜೊತೆ ಬೂಟು ಅದರ ಡಬ್ಬಿಯ ಸಮೇತ ತೂಗಿದರೆ ಒಂದೂಕಾಲು ಕಿಲೋ ಇರಬಹುದು. ಡಬ್ಬಿ 35, 25, 15 ಸೆಂಟಿಮೀಟರ್ ಇದ್ದರೆ ಜಾಗದ ತೂಕ 2.6 ಕಿಲೋ. ಚಳಿಗಾಲದ ಒಂದು ದಪ್ಪ ಜಾಕೆಟ್ಟನ್ನು 50, 40, 30 ಸೆಂಟಿಮೀಟರಿನ ಪೆಟ್ಟಿಗೆಗೆ ಹಾಕಿದರೆ ಹನ್ನೆರಡು ಕಿಲೋ ಲೆಕ್ಕ. ಜಾಕೆಟ್ಟಿನ ನಿಜ ತೂಕ ಒಂದೂವರೆ ಕಿಲೋ ಇದ್ದೀತು, ಉಳಿದದ್ದೆಲ್ಲ ಗಾಳಿ. ಅದೇ ಜಾಕೆಟ್ಟನ್ನು ಮಡಿಚಿ ಪ್ಲಾಸ್ಟಿಕ್ ಚೀಲದಲ್ಲಿ ಕಳಿಸಲು ಹೇಳಿದರೆ ದರ ನೆಲಕ್ಕೆ ಇಳಿಯುತ್ತದೆ. ಬೂಟಿನ ಡಬ್ಬಿ ಬೇಡ, ಉಡುಗೊರೆ ಕಟ್ಟು ಬೇಡ, ಚಿಕ್ಕ ಪೆಟ್ಟಿಗೆ ಸಾಕು ಎಂದು ಆರ್ಡರ್ ಮಾಡುವಾಗಲೇ ಬರೆಯಿರಿ. ಗಾಜು, ಪಿಂಗಾಣಿ, ಹಳೆಯ ಗ್ರಾಮಫೋನ್ ತಟ್ಟೆಗಳ ವಿಷಯದಲ್ಲಿ ಮಾತ್ರ ಪೆಟ್ಟಿಗೆಯಲ್ಲಿ ಜಿಪುಣತನ ಮಾಡಬಾರದು.

ಈಗ ತೆರಿಗೆ. ಇಲ್ಲಿ ಹಳೆಯ ತಿಳಿವಳಿಕೆಯೊಂದು ಇನ್ನೂ ಚಾಲ್ತಿಯಲ್ಲಿದೆ. ‘ಗಿಫ್ಟ್ ಎಂದು ಬರೆಸಿದರೆ ಸುಂಕ ಇಲ್ಲ’ ಎಂದು ಇಂದಿಗೂ ಬುದ್ಧಿ ಹೇಳುವವರಿದ್ದಾರೆ. 2019ರ ಡಿಸೆಂಬರ್‌ನಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಒಂದು ಅಧಿಸೂಚನೆ ಹೊರಡಿಸಿ, ಅಂಚೆ ಅಥವಾ ಕೊರಿಯರ್ ಮೂಲಕ ಉಡುಗೊರೆಯ ಹೆಸರಲ್ಲಿ ಸುಂಕ ಕಟ್ಟದೆ ಸರಕು ತರಿಸುವುದನ್ನು ನಿಷೇಧಿಸಿತು. ಜೀವರಕ್ಷಕ ಔಷಧಿಗೆ ಮತ್ತು ರಾಖಿಗೆ ಮಾತ್ರ ವಿನಾಯಿತಿ. ರಾಖಿಯ ಜೊತೆ ಇಟ್ಟ ಉಡುಗೊರೆಗೂ ಇಲ್ಲ. ಚೀನಾದ ಆನ್‌ಲೈನ್ ಅಂಗಡಿಗಳು ಸಾವಿರಾರು ಪೊಟ್ಟಣಗಳನ್ನು ಉಡುಗೊರೆ ಎಂದು ಬರೆದು ಸುಂಕ ತಪ್ಪಿಸುತ್ತಿದ್ದದ್ದು ಇದಕ್ಕೆ ಕಾರಣ. ಅವರು ಮಾಡಿದ ತಪ್ಪಿಗೆ ಮಗಳಿಗೆ ನಿಜವಾಗಿಯೂ ಉಡುಗೊರೆ ಕಳಿಸುವ ತಂದೆಯೂ ಬೆಲೆ ತೆರಬೇಕಾಯಿತು. ಅದು ಸರಿಯಲ್ಲವೆಂದು ನನಗನ್ನಿಸುತ್ತದೆ, ಆದರೆ ಕಾನೂನು ಹಾಗಿದೆ.

ವೈಯಕ್ತಿಕ ಬಳಕೆಯ ಸರಕು ಎಂಬ ತಲೆಬರಹದಡಿ ಬರುವ ವಸ್ತುಗಳ ಮೇಲಿನ ತೆರಿಗೆ ಈಚೆಗೆ ಇಳಿಯುತ್ತಿದೆ. 2025ರ ಸೆಪ್ಟೆಂಬರ್‌ನ ಜಿಎಸ್‌ಟಿ ಪರಿಷ್ಕರಣೆಯಲ್ಲಿ ಅದರ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು. 2026ರ ಬಜೆಟ್ಟಿನಲ್ಲಿ ಸುಂಕವನ್ನು ಶೇ 20ರಿಂದ ಶೇ 10ಕ್ಕೆ ಇಳಿಸುವುದಾಗಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಪ್ರಕಟಿಸಿದರು. ಸುಂಕ ಸೇರಿದ ಮೊತ್ತದ ಮೇಲೆ ಜಿಎಸ್‌ಟಿ ಬೀಳುವುದರಿಂದ ಎರಡೂ ಕೂಡಿ ಸುಮಾರು ಶೇ 30 ಆಗುತ್ತದೆ. ಇದು ಬರೀ ವಸ್ತುವಿನ ಬೆಲೆಯ ಮೇಲಲ್ಲ. ಸಾಗಣೆ ವೆಚ್ಚ, ವಿಮೆ ಸೇರಿದ ಬೆಲೆಯ ಮೇಲೆ. ವಿಮಾನದಲ್ಲಿ ಬರುವ ಸರಕಿಗೆ ಸಾಗಣೆ ವೆಚ್ಚ ಎಷ್ಟೇ ಇರಲಿ, ತೆರಿಗೆಯ ಲೆಕ್ಕಕ್ಕೆ ವಸ್ತುವಿನ ಬೆಲೆಯ ಶೇ 20ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ ಎಂಬ ರಕ್ಷಣೆ ನಮ್ಮ ಮೌಲ್ಯಮಾಪನ ನಿಯಮದಲ್ಲಿದೆ. ಕೊರಿಯರ್ ಕಂಪನಿಯ ಬಿಲ್ ಬಂದಾಗ ಇದನ್ನು ಪಾಲಿಸಿದ್ದಾರೆಯೇ ಎಂದು ನೋಡುವುದು ನಮ್ಮ ಹಕ್ಕು.

ನೂರು ಡಾಲರಿನ ವಸ್ತು, ಸಾಗಣೆ ಇಪ್ಪತ್ತೈದು ಡಾಲರ್ ಎಂದಿಟ್ಟುಕೊಳ್ಳಿ. ತೆರಿಗೆ ಬೀಳುವುದು ನೂರ ಇಪ್ಪತ್ತರ ಆಸುಪಾಸಿನ ಮೊತ್ತದ ಮೇಲೆ, ಅಂದರೆ ಮೂವತ್ತಾರು ಡಾಲರ್‌ನಷ್ಟು. ಮನೆಗೆ ಬರುವ ಹೊತ್ತಿಗೆ ವಸ್ತು ನೂರ ಅರವತ್ತು ಡಾಲರ್ ಆಗಿರುತ್ತದೆ. ಕೊರಿಯರ್‌ನಲ್ಲಿ ಬಂದರೆ, ನಮ್ಮ ಪರವಾಗಿ ಸುಂಕವನ್ನು ಮುಂಗಡ ಕಟ್ಟಿದ್ದಕ್ಕೆ ಕಂಪನಿ ಒಂದು ಸೇವಾಶುಲ್ಕ ಹಾಕುತ್ತದೆ, ಅದರ ಮೇಲೂ ಜಿಎಸ್‌ಟಿ. ಕಾರ್ಡಿನ ಬ್ಯಾಂಕು ವಿದೇಶಿ ವಹಿವಾಟಿಗೆ ಶೇ 2ರಿಂದ 3.5ರಷ್ಟು ಸೇರಿಸುತ್ತದೆ. ಹಣ ಕಟ್ಟುವ ಪುಟದಲ್ಲಿ ‘ರೂಪಾಯಿಯಲ್ಲೇ ಕಟ್ಟುತ್ತೀರಾ?’ ಎಂದು ಕೇಳಿದರೆ ಬೇಡವೆನ್ನಿ, ಆ ವಿನಿಮಯ ದರ ಸಾಮಾನ್ಯವಾಗಿ ಬ್ಯಾಂಕಿನದಕ್ಕಿಂತ ಕೆಟ್ಟದ್ದು. ಈ ಎಲ್ಲವನ್ನೂ ಮೊದಲೇ ಕೂಡಿಸಿ ನೋಡಿದವರಿಗೆ ಆಮೇಲೆ ಆಘಾತವಾಗುವುದಿಲ್ಲ. ಕೆಲವು ದೊಡ್ಡ ತಾಣಗಳು ಸುಂಕವನ್ನು ಅಂದಾಜು ಮಾಡಿ ಮೊದಲೇ ತೆಗೆದುಕೊಳ್ಳುತ್ತವೆ. ಅಮೆಜಾನ್‌ನಲ್ಲಿ ಹೀಗೆ ಠೇವಣಿಯಾಗಿ ಕಟ್ಟಿದ್ದು ನಿಜವಾದ ಸುಂಕಕ್ಕಿಂತ ಹೆಚ್ಚಾಗಿದ್ದರೆ ಉಳಿದದ್ದು ಹಿಂದಕ್ಕೆ ಬರುತ್ತದೆ. ತುಸು ದುಬಾರಿ ಕಂಡರೂ ಮೊದಲ ಸಲ ತರಿಸುವವರಿಗೆ ಈ ದಾರಿಯೇ ನೆಮ್ಮದಿ.

ಬೆಲೆ ಕಡಿಮೆ ಬರೆದು ಕಳಿಸುತ್ತೇವೆ ಎನ್ನುವ ಅಂಗಡಿಯವರನ್ನು ಬೇಡವೆಂದು ತಡೆಯಿರಿ. 1962ರ ಕಸ್ಟಮ್ಸ್ ಕಾಯ್ದೆಯಡಿ ಸುಳ್ಳು ಮೌಲ್ಯದ ಸರಕನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಅಷ್ಟಾಗದಿದ್ದರೂ, ಪೊಟ್ಟಣ ಕಳೆದುಹೋದರೆ ಪರಿಹಾರ ಸಿಗುವುದು ಬರೆದಿರುವ ಬೆಲೆಗೆ ಮಾತ್ರ. ಅಂಗಡಿಯವನಿಗೆ ನಷ್ಟವಿಲ್ಲ, ದಂಡ ಕಟ್ಟುವವರು ನಾವು. ತರಿಸಲೇಬಾರದ ವಸ್ತುಗಳೂ ಇವೆ. ಬಿಡಿ ಲಿಥಿಯಂ ಬ್ಯಾಟರಿ, ಸುಗಂಧದ್ರವ್ಯ ವಿಮಾನಕ್ಕೆ ಅಪಾಯಕಾರಿ. ಡ್ರೋನ್ ಆಮದಿಗೆ 2022ರ ಫೆಬ್ರುವರಿಯಿಂದ ನಿಷೇಧವಿದೆ. ಮಲೆನಾಡಿನ ತೋಟಪ್ರಿಯರು ಹೂವಿನ ಬೀಜ, ಗೆಡ್ಡೆಗಳನ್ನು ಹೊರಗಿನಿಂದ ತರಿಸುವ ಆಸೆಗೆ ಬೀಳುತ್ತಾರೆ. ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಅದು ತಪ್ಪು, ಮತ್ತು ಒಂದು ಬೀಜದ ಜೊತೆ ಬರುವ ರೋಗ ಇಡೀ ಸೀಮೆಯ ತೋಟಕ್ಕೆ ತಗಲಬಹುದು.

ಭಾರತಕ್ಕೆ ಕಳಿಸುವುದಿಲ್ಲ ಎನ್ನುವ ಅಂಗಡಿಗಳಿಗೆ ಮಧ್ಯವರ್ತಿಗಳಿದ್ದಾರೆ. ಅಮೆರಿಕದಲ್ಲಿ ನಿಮಗೊಂದು ವಿಳಾಸ ಕೊಡುತ್ತಾರೆ, ಕೊಂಡದ್ದೆಲ್ಲ ಅಲ್ಲಿಗೆ ಹೋಗುತ್ತದೆ, ಅವರು ಒಂದೇ ಪೆಟ್ಟಿಗೆಗೆ ಕಟ್ಟಿ ಇಲ್ಲಿಗೆ ಕಳಿಸುತ್ತಾರೆ. ಡೆಲವೇರ್, ಒರೆಗಾನ್, ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳಲ್ಲಿ ಮಾರಾಟ ತೆರಿಗೆ ಇಲ್ಲದ್ದರಿಂದ ಅಲ್ಲಿನ ವಿಳಾಸ ಲಾಭಕರ. ಜಪಾನಿನ ಹರಾಜು ತಾಣಗಳಲ್ಲಿ ನಮ್ಮ ಪರವಾಗಿ ಕೂಗಿ ಕೊಳ್ಳುವ ಬುಯೀ, ಜೆನ್‌ಮಾರ್ಕೆಟ್ ತರಹದ ಸೇವೆಗಳೂ ಇವೆ. ಫೌಂಟನ್ ಪೆನ್, ಹಳೆಯ ಕ್ಯಾಮೆರಾಗಳ ಪ್ರೇಮಿಗಳಿಗೆ ಇವು ಪರಿಚಿತ. ಒಂದೇ ವಸ್ತುವಿಗೆ ಈ ದಾರಿ ಹಿಡಿದರೆ ಖರ್ಚು ಹೆಚ್ಚು. ನಾಲ್ಕೈದು ವಸ್ತು ಕೂಡಿದಾಗ, ಗೆಳೆಯರೆಲ್ಲ ಸೇರಿ ತರಿಸಿದಾಗ ಮಾತ್ರ ಗಿಟ್ಟುತ್ತದೆ. ಕಾರಣ ಸರಳ: ಮೊದಲ ಅರ್ಧ ಕಿಲೋಗೆ ದರ ಜಾಸ್ತಿ, ನಂತರದ ಪ್ರತಿ ಅರ್ಧ ಕಿಲೋಗೆ ಕಡಿಮೆ.

ಪುಸ್ತಕಗಳ ಮಾತಿಗೆ ಬಂದರೆ ನನಗೆ ಸಂಕಟವಾಗುತ್ತದೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶದ ಎರಡನೇ ಆವೃತ್ತಿ 1984ರಲ್ಲಿ ಆಕ್ಸ್‌ಫರ್ಡಿನಿಂದ ಬಂತು. ಎಂಟುನೂರಕ್ಕೂ ಹೆಚ್ಚು ಪುಟದ ಭಾರಿ ಗ್ರಂಥ. ಕನ್ನಡ ಪದಗಳ ಬೇರು ಹುಡುಕುವ ಯಾರಿಗೂ ಅದು ಬೇಕು. ಇಂಥದ್ದನ್ನು ಧಾರವಾಡದ ಅಧ್ಯಾಪಕರೊಬ್ಬರು ಕಡಿಮೆ ಖರ್ಚಿನಲ್ಲಿ ಮನೆಗೆ ತರಿಸಿಕೊಳ್ಳುವ ದಾರಿಗಳು ಒಂದೊಂದಾಗಿ ಮುಚ್ಚುತ್ತಿವೆ. ಅಮೆರಿಕದ ಅಂಚೆ 2007ರ ಮೇ ತಿಂಗಳಲ್ಲಿ ಹಡಗಿನ ಅಂತರರಾಷ್ಟ್ರೀಯ ಅಂಚೆಯನ್ನು ನಿಲ್ಲಿಸಿತು. ತಿಂಗಳುಗಟ್ಟಲೆ ತಡವಾದರೂ ಚೀಲದ ತುಂಬ ಪುಸ್ತಕ ಅಗ್ಗದಲ್ಲಿ ಬರುತ್ತಿದ್ದ ದಾರಿ ಅದು. ವಿದೇಶದಲ್ಲಿ ಓದು ಮುಗಿಸಿ ಊರಿಗೆ ಮರಳುವವರು ತಮ್ಮ ಪುಸ್ತಕಗಳನ್ನೆಲ್ಲ ಹಾಗೆಯೇ ಕಳಿಸುತ್ತಿದ್ದರು. ಬ್ರಿಟನ್ನಿನ ಬುಕ್ ಡಿಪಾಸಿಟರಿ ಎಂಬ ಆನ್‌ಲೈನ್ ಅಂಗಡಿ ಸಾಗಣೆ ವೆಚ್ಚವಿಲ್ಲದೆ ಲೋಕದ ಬಹುಪಾಲು ದೇಶಗಳಿಗೆ ಪುಸ್ತಕ ಕಳಿಸುತ್ತಿತ್ತು. 2011ರಲ್ಲಿ ಅಮೆಜಾನ್ ಅದನ್ನು ಕೊಂಡಿತು, 2023ರ ಏಪ್ರಿಲ್‌ನಲ್ಲಿ ಮುಚ್ಚಿತು. ನಡುವೆ 2019ರ ಜುಲೈ ಬಜೆಟ್ಟಿನಲ್ಲಿ ನಮ್ಮ ಸರ್ಕಾರವೇ ವಿದೇಶಿ ಮುದ್ರಿತ ಪುಸ್ತಕಗಳ ಮೇಲೆ ಶೇ 5 ಸುಂಕ ಹಾಕಿತು.

ಉಳಿದಿರುವ ದಾರಿಗಳನ್ನಾದರೂ ಬಳಸೋಣ. ಬ್ರಿಟನ್ನಿನ ರಾಯಲ್ ಮೇಲ್ ಸಾಮಾನ್ಯ ಪ್ಯಾಕೆಟ್ಟಿಗೆ ಎರಡು ಕಿಲೋ ಮಿತಿ ಇಟ್ಟರೂ ‘ಮುದ್ರಿತ ಸಾಮಗ್ರಿ’ ಎಂದರೆ ಐದು ಕಿಲೋವರೆಗೆ ಒಪ್ಪುತ್ತದೆ. ಅಂಗಡಿಯವರಿಗೇ ಇದು ನೆನಪಿರುವುದಿಲ್ಲ, ನಾವು ಹೇಳಬೇಕು. ಏಬ್‌ಬುಕ್ಸ್‌ನಂಥ ತಾಣದಲ್ಲಿ ಒಂದೇ ಗ್ರಂಥವನ್ನು ಹತ್ತು ದೇಶಗಳ ಅಂಗಡಿಗಳು ಮಾರುತ್ತಿರುತ್ತವೆ. ಪುಸ್ತಕದ ಬೆಲೆ ನೋಡಬೇಡಿ, ಸಾಗಣೆ ಸೇರಿದ ಮೊತ್ತದ ಪ್ರಕಾರ ಹೋಲಿಸಿ.

ಹೊರಗಿನ ಕನ್ನಡಿಗರ ಕಷ್ಟವೂ ಇದರದೇ ಇನ್ನೊಂದು ಮುಖ. ಅಮೆರಿಕದಲ್ಲಿರುವವರು ಬೆಂಗಳೂರಿನಿಂದ ಕನ್ನಡ ಪುಸ್ತಕ, ಮಕ್ಕಳಿಗೆ ಬಟ್ಟೆ, ಹಬ್ಬಕ್ಕೆ ಸೀರೆ ತರಿಸುತ್ತಾರೆ. 800 ಡಾಲರ್‌ವರೆಗಿನ ಪೊಟ್ಟಣಕ್ಕೆ ಅಲ್ಲಿ ಸುಂಕವಿರಲಿಲ್ಲ. 2025ರ ಆಗಸ್ಟ್ 29ರಂದು ಆ ವಿನಾಯಿತಿ ರದ್ದಾಯಿತು. ಸುಂಕವನ್ನು ಯಾರು ವಸೂಲಿ ಮಾಡಬೇಕು, ಹೇಗೆ ಕಟ್ಟಬೇಕು ಎಂಬುದೇ ಸ್ಪಷ್ಟವಿಲ್ಲದೆ ಭಾರತೀಯ ಅಂಚೆ ಆಗಸ್ಟ್ 25ರಿಂದಲೇ ಅಮೆರಿಕದ ಪಾರ್ಸೆಲ್ ಬುಕಿಂಗ್ ನಿಲ್ಲಿಸಿತು. ಪುಸ್ತಕಗಳನ್ನು ಅಮೆರಿಕದ ಹೊಸ ಸುಂಕಗಳಿಂದ ಹೊರಗಿಟ್ಟಿದ್ದರೂ ಅವನ್ನು ಕಳಿಸುವ ಅಗ್ಗದ ದಾರಿಯೇ ಇಲ್ಲವಾಯಿತು. ಅಕ್ಟೋಬರ್ 15ಕ್ಕೆ ಸೇವೆ ಮತ್ತೆ ಆರಂಭವಾಯಿತು, ಸುಂಕವನ್ನು ಇಲ್ಲೇ ಮುಂಗಡ ಕಟ್ಟುವ ವ್ಯವಸ್ಥೆಯೊಂದಿಗೆ. ಆ ನಡುವಿನ ವಾರಗಳಲ್ಲಿ ಕೊರಿಯರ್ ದರ ತೆರಲಾರದವರು ಪುಸ್ತಕ ತರಿಸುವುದನ್ನೇ ಬಿಟ್ಟರು. ನಮ್ಮ ಪ್ರಕಾಶಕರು ಈಗ ಜಿಲ್ಲೆಗಳಲ್ಲಿರುವ ಡಾಕ್ ಘರ್ ನಿರ್ಯಾತ್ ಕೇಂದ್ರಗಳನ್ನು ವಿಚಾರಿಸಬೇಕು. ಸಣ್ಣ ರಫ್ತುದಾರರಿಗಾಗಿಯೇ ಅಂಚೆ ಇಲಾಖೆ ತೆರೆದ ಈ ಕೇಂದ್ರಗಳಲ್ಲಿ ಕಸ್ಟಮ್ಸ್ ಕಾಗದವೂ ಅಲ್ಲೇ ಆಗುತ್ತದೆ.

ಪುಸ್ತಕದ ಮೇಲಿನ ಸುಂಕಕ್ಕೆ 2019ರಲ್ಲಿ ಸರ್ಕಾರ ಕೊಟ್ಟ ಕಾರಣ, ದೇಶದ ಪ್ರಕಾಶನ ಮತ್ತು ಮುದ್ರಣ ಉದ್ಯಮಕ್ಕೆ ಉತ್ತೇಜನ. ದ್ರಾವಿಡ ವ್ಯುತ್ಪತ್ತಿ ಕೋಶದ ಹಳೆಯ ಪ್ರತಿಯೊಂದು ಧಾರವಾಡಕ್ಕೆ ಬಂದರೆ ಕರ್ನಾಟಕದ ಯಾವ ಮುದ್ರಕನಿಗೂ ನಷ್ಟವಿಲ್ಲ. ದೇಶದೊಳಗೆ ಮಾರುವ ಪುಸ್ತಕಕ್ಕೆ ಜಿಎಸ್‌ಟಿ ಹಾಕದಷ್ಟು ವಿವೇಕ ತೋರಿದ ಸರ್ಕಾರ, ಹೊರಗಿನಿಂದ ಒಂದೆರಡು ಪ್ರತಿ ತರಿಸಿಕೊಳ್ಳುವ ಓದುಗನಿಗೂ ಅದೇ ವಿವೇಕ ತೋರಲಿ. ಮುಂದಿನ ಬಜೆಟ್ಟಿನಲ್ಲಿ ಆ ಶೇ 5 ಸುಂಕವನ್ನು ತೆಗೆಯಲಿ. ಕನ್ನಡ ಸಾಹಿತ್ಯ ಪರಿಷತ್ತು, ವಿಶ್ವವಿದ್ಯಾಲಯಗಳು, ನಮ್ಮ ಸಂಸದರು ಸೇರಿ ಹಣಕಾಸು ಸಚಿವರಿಗೆ ಒಂದು ಮನವಿ ಕೊಡಬೇಕು, ಬಜೆಟ್ ಸಿದ್ಧತೆ ಶುರುವಾಗುವುದಕ್ಕೆ ಮುಂಚೆ.